ಕುಮಾರಿ ಅನ್ನಾ ಮಣಿಯವರು

ವಸ್ತುವು ಸೂಸುವ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಅದರೊಳಗಿನ ಮೂಲದ್ರವ್ಯಗಳನ್ನು ಅರಿಯುವ ವಿದ್ಯೆಗೆ ವರ್ಣಪಟಲ ಶಾಸ್ತ್ರವೆಂದು ಹೆಸರು. ಈ ಶಾಸ್ತ್ರದಲ್ಲಿ ಬೆಂಗಳೂರಿನಲ್ಲಿದ್ದು ದುಡಿದ ಕುಮಾರಿ ಅನ್ನಾ ಮಣಿಯವರ ಚರಿತ್ರೆಯು ಹೆಣ್ಣುಮಕ್ಕಳನ್ನು ಓದಿಸುವ ತಾಯಿತಂದೆಗಳು ಅವಶ್ಯವಾಗಿ ತಿಳಿಯತಕ್ಕದ್ದಾಗಿದೆ.

ಇವರು 1918ನೆಯ ಇಸವಿ ಆಗಸ್ಟ್ 23ರಂದು ಆಗಿನ ತಿರುವಾಂಕೂರು ಸಂಸ್ಥಾನದ ಪೀರಮೇಡಿನಲ್ಲಿ ಸುರಿಯಾನಿ ಕ್ರೈಸ್ತ ಮನೆತನವೊಂದರಲ್ಲಿ ಜನಿಸಿದರು. ತಂದೆಯವರು ಇಂಜಿನಿಯರರು. ಎಂಟನೆಯ ಹುಟ್ಟುಹಬ್ಬದಂದು ಮನೆಯ ಪದ್ಧತಿಯಂತೆ ವಜ್ರದ ಓಲೆಗಳನ್ನು ಕೊಡಹೋದಾಗ, ಬಾಲಿಕೆಯು ಅವನ್ನೊಲ್ಲದೆ ಎನ್‌ಸೈಕ್ಲೋಪೀಡಿಯ ಬ್ರಿಟಾನಿಕ ಎಂಬ ವಿಶ್ವಕೋಶದ ಸಂಪುಟಗಳನ್ನು ಬೇಡಿದಳು. ಗಾಂಧೀಜಿಯವರ ಪ್ರಭಾವದಿಂದ ಖಾದಿಯನ್ನು ಉಡತೊಡಗಿದಳು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವೀಧರೆಯಾದ ತರುವಾಯ, 1940ರಲ್ಲಿ ವಿದ್ಯಾರ್ಥಿವೇತನವನ್ನು ಪಡೆದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು ಸರ್ ಸಿ. ವಿ. ರಾಮನ್ನರ ಶಿಷ್ಯೆಯಾದರು.

ಓಲೆಗಳನ್ನು ಒಲ್ಲೆನೆಂದವರಿಗೆ ಅಲ್ಲಿ ದೊರೆತದ್ದು ವಜ್ರಗಳ ಕೆಲಸವೇ. ಮೂವತ್ತಕ್ಕೂ ಹೆಚ್ಚು ವಜ್ರಗಳನ್ನೂ, ಮಾಣಿಕ್ಯಗಳನ್ನೂ ಬೆಳಗಿಸಿ, ಅವು ಮರಳಿ ಸೂಸುವ ಕಾಂತಿಯನ್ನು ಛಾಯಾಚಿತ್ರದ ಫಲಕಗಳ ಮೇಲೆ ಹಿಡಿಯಬೇಕಾಗಿತ್ತು. ಕಾಂತಿಯು ಬಹಳ ಮಂದವಾದುದರಿಂದ ಒಂದೊಂದು ಫಲಕಕ್ಕೆ 15ರಿಂದ 20 ಗಂಟೆಗಳು ಹಿಡಿಯುತ್ತಿದ್ದವು. ಅನೇಕ ರಾತ್ರಿಗಳು ಪ್ರಯೋಗಶಾಲೆಯಲ್ಲಿಯೇ ಕಳೆದವು. 1942ರಿಂದ 1945ರೊಳಗೆ ಇವರೊಬ್ಬರ ಹೆಸರಿನಿಂದಲೇ ಐದು ಲೇಖನಗಳು ಪ್ರಕಟವಾದವು.

ಇಂಥ ಅಭ್ಯಾಸವು ಹರಳುಗಳ ಸೊಬಗಿಗಾಗಿ ಮಾತ್ರವಲ್ಲ. ಮಾಣಿಕ್ಯದ ಕೆಂಪು ಕಾಂತಿಯು ಅದರೊಳಗಿನ ಅತ್ಯಲ್ಪ ಕ್ರೋಮಿಯಂ ಲೋಹದ್ದು. 1960ರಲ್ಲಿ ಅಮೆರಿಕದ ಮೈಮನ್ ಎಂಬುವರು ಅದೇ ಕಾಂತಿಯಿಂದ ಮೊದಲನೆಯ ಲೇಸರ್ ಕಿರಣವನ್ನು ಹೊಮ್ಮಿಸಿದರು. 1962ರಲ್ಲಿ ಮಾಣಿಕ್ಯದ ಲೇಸರನ್ನು ವಸ್ತುಗಳ ಪರೀಕ್ಷೆಗೆ ಹಚ್ಚಿದರು. ಹೊಳಲಿಗೆ ಮೂಡಲಲ್ಲಿರುವ ಸಂಡೂರು ಬೆಟ್ಟಗಳ ಅದಿರು ತೋರಣಗಲ್ಲಿನಲ್ಲಿ ಉಕ್ಕಾಗುವುದನ್ನು ನಮ್ಮ ಸೀಮೆಯವರು ಬಲ್ಲರು. ಉಕ್ಕು ಕಣ್ಣಿಗೆ ಎಲ್ಲೆಡೆಯೂ ಒಂದೇ ತೆರನಾಗಿ ಕಂಡರೂ, ಮ್ಯಾಂಗನೀಸು, ಗಂಧಕಗಳು ಒಂದೆಡೆ ಕೂಡಿದಲ್ಲಿ ಸೀಳುವ ಭಯವುಂಟು. ಲೇಸರ್ ಕಿರಣವು ಕೂದಲೆಳೆಯಷ್ಟು ಸಣ್ಣ ಚುಕ್ಕೆಯನ್ನು ಕ್ಷಣಮಾತ್ರದಲ್ಲಿ ಆವಿಯಾಗಿಸುವುದು. ಆ ಆವಿಯ ಬೆಳಕು ಅಲ್ಲಿರುವ ಮೂಲದ್ರವ್ಯಗಳನ್ನು ತಿಳಿಸುವುದು. ಹೀಗೆ ಚುಕ್ಕೆ ಚುಕ್ಕೆಯಾಗಿ ಪರೀಕ್ಷಿಸಿದರೆ ಇಡೀ ತುಂಡಿನ ಭೂಪಟದಂಥ ಚಿತ್ರವೇ ಸಿದ್ಧವಾಗುವುದು.

1945ರಲ್ಲಿ ಅನ್ನಾ ಮಣಿಯವರು ತಮ್ಮ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಎಂ. ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಅವರಿಗೆ ಡಾಕ್ಟರ್ ಪದವಿಯು ದೊರೆಯಲಿಲ್ಲ. ಆದರೂ ಅವರು ಎದೆಗುಂದದೆ ಲಂಡನ್ನಿಗೆ ತೆರಳಿ, ಹವಾಮಾನದ ಉಪಕರಣಗಳ ವಿದ್ಯೆಯನ್ನು ಕಲಿತು, 1948ರಲ್ಲಿ ಹಿಂತಿರುಗಿದರು. ಹೊರದೇಶಗಳಿಂದ ತರಿಸುತ್ತಿದ್ದ ಉಪಕರಣಗಳು ಪುಣೆಯಲ್ಲಿಯೇ ತಯಾರಾಗುವಂತೆ ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಸಿದ್ಧಪಡಿಸಿದರು. 1976ರಲ್ಲಿ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾಗಿ, ಮತ್ತೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ಕೆಲವು ವರ್ಷ ದುಡಿದರು. ಅವಿವಾಹಿತೆಯಾಗಿಯೇ ಉಳಿದ ಇವರು 2001ನೆಯ ಇಸವಿ ಆಗಸ್ಟ್ 16ರಂದು ತಿರುವನಂತಪುರದಲ್ಲಿ ಕಾಲವಾದರು.

ಪದವಿಯನ್ನು ತಾರದ ಆ ಪ್ರಬಂಧವು ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಭಂಡಾರದಲ್ಲಿ, ಪದವಿಯನ್ನು ತಂದ ಇತರ ಪ್ರಬಂಧಗಳ ಜೊತೆಯಲ್ಲಿಯೇ ಉಳಿದುಬಂದಿದೆ. ಮಗಳು ಒಡವೆಯನ್ನೊಲ್ಲದೆ ಪುಸ್ತಕವನ್ನು ಬೇಡಿದ ದಿನ ಆ ಮನೆಯವರು ಇಲ್ಲವೆನ್ನಲಿಲ್ಲ. ಅಂಥ ಬೇಡಿಕೆಯು ನಮ್ಮ ಮನೆಗಳಲ್ಲಿಯೂ ಕೇಳಿಬಂದರೆ ಅದನ್ನು ನಡೆಸಿಕೊಡುವುದು ಹೆತ್ತವರ ಕರ್ತವ್ಯವು.