ಕರುಣೆಯಿಂದ ವಾದಿಸಿದ ಅಕಲಂಕದೇವರು

ಆತ್ಮವುಂಟೆಂದು ನಂಬುವವರಿಗೂ ಇಲ್ಲವೆನ್ನುವವರಿಗೂ ನಡೆಯುವ ವಾದ ಈ ನೆಲಕ್ಕೆ ಹೊಸತಲ್ಲ. ಒಂದು ಕಾಲದಲ್ಲಿ ರಾಜಸಭೆಗಳಲ್ಲಿ ನಡೆಯುತ್ತಿದ್ದುದು ಇಂದು ನಡುಮನೆಗೆ ಬಂದಿದೆ, ಅಷ್ಟೆ. ದಶಲಕ್ಷಣ ಪರ್ವದ ದಿನಗಳಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಶ್ರಾವಕರ ಮನೆಗಳಲ್ಲಿ ಈ ಮಾತು ಏಳುವುದುಂಟು. ಬಸದಿಯಲ್ಲಿ ಅಭಿಷೇಕ ಮುಗಿಸಿ ಬಂದ ತಂದೆ ಕರ್ಮಸಿದ್ಧಾಂತವನ್ನು ವಿವರಿಸುತ್ತಾರೆ. ಕಣ್ಣಿಗೆ ಕಾಣದ ಆತ್ಮವನ್ನು ಒಪ್ಪುವುದು ಹೇಗೆಂದು ಓದಿದ ಮಗ ಕೇಳುತ್ತಾನೆ. ಧ್ವನಿಗಳು ಏರುತ್ತವೆ. ಸೂರ್ಯಾಸ್ತಕ್ಕೆ ಮುಂಚಿನ ಊಟ ಮೌನದಲ್ಲಿ ಮುಗಿಯುತ್ತದೆ. ಇಂಥ ವಾದದಿಂದ ಯಾರ ಮನಸ್ಸಾದರೂ ಬದಲಾಗುವುದೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಜೈನ ನ್ಯಾಯಶಾಸ್ತ್ರದ ಮೇರುವೆನಿಸಿದ ಅಕಲಂಕದೇವರ ಜೀವನವನ್ನು ಸ್ಮರಿಸುವುದು ಉಚಿತವೆನಿಸುತ್ತದೆ.

ಅವರ ನೆನಪು ನಮ್ಮ ಜಿಲ್ಲೆಯಲ್ಲಿಯೇ ಕಲ್ಲಿನಲ್ಲಿ ನಿಂತಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ, ಪಾರ್ಶ್ವನಾಥ ಬಸದಿಯೊಳಗೆ ಒಂದು ದೀರ್ಘ ಸಂಸ್ಕೃತ ಶಾಸನವಿದೆ. 1129ರಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದ ಮಲ್ಲಿಷೇಣ ಮಲಧಾರಿದೇವರ ಸ್ಮರಣೆಗಾಗಿ ರಚಿತವಾದ ಇದಕ್ಕೆ ಮಲ್ಲಿಷೇಣ ಪ್ರಶಸ್ತಿ ಎಂದೇ ಹೆಸರು. ಇದರಲ್ಲಿ ಗುರುಪರಂಪರೆಯ ಮಹಾವಾದಿಗಳೆಲ್ಲ ಒಬ್ಬೊಬ್ಬರಾಗಿ ಬರುತ್ತಾರೆ. ಊರೂರುಗಳಲ್ಲಿ ವಾದಭೇರಿಯನ್ನು ಬಾರಿಸಿದ ಸಮಂತಭದ್ರರು ಬರುತ್ತಾರೆ. ಸಾಹಸತುಂಗನೆಂಬ ಅರಸನ ಎದುರು ನಿಂತ ಅಕಲಂಕರೂ ಬರುತ್ತಾರೆ. ಈ ಸಾಹಸತುಂಗನನ್ನು ರಾಷ್ಟ್ರಕೂಟರ ದಂತಿದುರ್ಗನೆಂದು ಗುರುತಿಸಿ, ಅಕಲಂಕರ ಕಾಲ ಕ್ರಿ.ಶ. 8ನೆಯ ಶತಮಾನವೆಂದು ಬಹುಮಂದಿ ವಿದ್ವಾಂಸರು ಹೇಳುತ್ತಾರೆ. 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿದ ಭಟ್ಟಾಕಲಂಕರು ಇವರಲ್ಲ. ಇವರಿಗಿಂತ ಬಹು ಶತಮಾನಗಳ ಅನಂತರದವರು.

ಅಕಲಂಕರ ಬಾಲ್ಯವನ್ನು ನಮಗೆ ಹೇಳುವುದು ಕಥಾಕೋಶಗಳು. ಅವುಗಳ ಪ್ರಕಾರ ಮಾನ್ಯಖೇಟದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ, ಮಂತ್ರಿ ಪುರುಷೋತ್ತಮನಿಗೆ ಅಕಲಂಕ, ನಿಷ್ಕಲಂಕ ಎಂಬ ಇಬ್ಬರು ಮಕ್ಕಳು. ಒಮ್ಮೆ ಅಷ್ಟಾಹ್ನಿಕ ಪರ್ವದಲ್ಲಿ ತಂದೆತಾಯಿಗಳು ಗುರುಗಳಿಂದ ಎಂಟು ದಿನಗಳ ಬ್ರಹ್ಮಚರ್ಯ ವ್ರತವನ್ನು ಪಡೆದು, ವಿನೋದಕ್ಕೆಂಬಂತೆ ಮಕ್ಕಳಿಗೂ ಅದನ್ನು ಕೊಡಿಸಿದರು. ಮಕ್ಕಳು ಬೆಳೆದು ಮದುವೆಯ ಮಾತು ಬಂದಾಗ ಇಬ್ಬರೂ ಒಪ್ಪಲಿಲ್ಲ. ಅಂದು ಆದದ್ದು ವಿನೋದ, ಅದೂ ಎಂಟೇ ದಿನಗಳಿಗೆ ಎಂದು ತಂದೆ ತಿಳಿಹೇಳಿದರು. ಧರ್ಮದಲ್ಲಿ ವಿನೋದವೆಂಬುದಿಲ್ಲ, ತಮಗೆ ಯಾರೂ ಅವಧಿಯನ್ನು ಹೇಳಿರಲಿಲ್ಲ ಎಂದು ಮಕ್ಕಳು ಉತ್ತರಿಸಿದರು. ಆಡಿದ ಮಾತಿಗೆ ಬದುಕನ್ನೇ ಒತ್ತೆಯಿಡುವ ಈ ಗುಣ ಅವರನ್ನು ಕಡೆಯವರೆಗೂ ಬಿಡಲಿಲ್ಲ.

ಆ ಕಾಲದಲ್ಲಿ ಬೌದ್ಧ ತರ್ಕಶಾಸ್ತ್ರ ಬಹು ಪ್ರಬಲವಾಗಿತ್ತು. ಅದನ್ನು ಹೊರಗಿನಿಂದ ನಿಂದಿಸುವ ಬದಲು ಒಳಹೊಕ್ಕು ಕಲಿಯಬೇಕೆಂದು ಅಣ್ಣತಮ್ಮಂದಿರು ನಿಶ್ಚಯಿಸಿ, ವೇಷ ಮರೆಸಿಕೊಂಡು ಬೌದ್ಧವಿಹಾರದಲ್ಲಿ ವಿದ್ಯಾರ್ಥಿಗಳಾದರು. ಅಕಲಂಕ ಒಮ್ಮೆ ಕೇಳಿದ್ದನ್ನು ಮರೆಯದವನು. ನಿಷ್ಕಲಂಕನಿಗೆ ಎರಡು ಸಲ ಕೇಳಬೇಕು. ಒಂದು ದಿನ ಗುರುಗಳು ಜೈನರ ಸಪ್ತಭಂಗಿಯನ್ನು ಕುರಿತು ಪಾಠ ಹೇಳುತ್ತಿರುವಾಗ ಗ್ರಂಥದ ಅಶುದ್ಧ ಪಾಠದಿಂದಾಗಿ ಅರ್ಥ ಹೊಂದದೆ ನಿಲ್ಲಿಸಿ ಹೊರಹೋದರು. ಅಕಲಂಕ ಯಾರಿಗೂ ಕಾಣದಂತೆ ಅದನ್ನು ತಿದ್ದಿಟ್ಟನು. ಹಿಂದಿರುಗಿ ನೋಡಿದ ಗುರುಗಳಿಗೆ ಶಿಷ್ಯರಲ್ಲಿ ಜೈನನೊಬ್ಬನಿದ್ದಾನೆಂದು ತಿಳಿಯಿತು. ಪರೀಕ್ಷೆಗಾಗಿ ಜಿನಬಿಂಬವನ್ನು ದಾಟಲು ಹೇಳಿದಾಗ ಅಕಲಂಕ ಅದರ ಮೇಲೊಂದು ನೂಲೆಳೆಯನ್ನು ಹಾಕಿ, ಇದು ಇನ್ನು ನಿರ್ಗ್ರಂಥ ಬಿಂಬವಲ್ಲವೆಂದು ಭಾವಿಸಿ ದಾಟಿದನು. ಆದರೆ ನಡುರಾತ್ರಿ ಕಂಚಿನ ಪಾತ್ರೆಗಳನ್ನು ಕೆಡವಿ ಸದ್ದು ಮಾಡಿದಾಗ, ಬೆಚ್ಚಿ ಎದ್ದ ಸಹೋದರರ ಬಾಯಿಂದ ಪಂಚನಮಸ್ಕಾರ ಮಂತ್ರ ಹೊರಟಿತು. ಸೆರೆಯಿಂದ ತಪ್ಪಿಸಿಕೊಂಡು ಓಡುವಾಗ, ಧರ್ಮಕ್ಕೆ ಹೆಚ್ಚು ಬೇಕಾದವನು ಅಣ್ಣನೆಂದು ಬಗೆದ ನಿಷ್ಕಲಂಕ ಅವನನ್ನು ತಾವರೆಗೊಳದಲ್ಲಿ ಅಡಗಿಸಿ, ತಾನು ಬೆನ್ನಟ್ಟಿದವರ ಕತ್ತಿಗೆ ತಲೆಯೊಡ್ಡಿದನು.

ತಮ್ಮನ ರಕ್ತವನ್ನು ಕಂಡವನ ಹೃದಯದಲ್ಲಿ ದ್ವೇಷ ಉರಿಯುವುದು ಸಹಜ. ಮುನಿದೀಕ್ಷೆಯನ್ನು ಪಡೆದ ಅಕಲಂಕದೇವರಿಗೆ ಆ ಪರೀಕ್ಷೆಯ ಗಳಿಗೆಯೂ ಒದಗಿತು. ಹಿಮಶೀತಳನೆಂಬ ಅರಸನ ರಾಣಿ ಜಿನರಥೋತ್ಸವವನ್ನು ಮಾಡಿಸಬೇಕೆಂದಿದ್ದಳು. ವಾದದಲ್ಲಿ ಗೆದ್ದಲ್ಲದೆ ರಥ ಹೊರಡಬಾರದೆಂದು ಬೌದ್ಧಗುರು ಸಂಘಶ್ರೀ ತಡೆದನು. ಅಕಲಂಕದೇವರು ವಾದಕ್ಕೆ ನಿಂತರು. ತೆರೆಯ ಹಿಂದಿನಿಂದ ಉತ್ತರಗಳು ಬರುತ್ತಿದ್ದವು. ದಿನಗಳು ಉರುಳಿದರೂ ವಾದ ಮುಗಿಯಲಿಲ್ಲ. ಶಾಸನದೇವಿಯ ಸೂಚನೆಯಂತೆ ಅಕಲಂಕದೇವರು ಹಿಂದೆ ಆಡಿದ ಮಾತನ್ನೇ ಮತ್ತೊಮ್ಮೆ ಹೇಳೆಂದು ಕೇಳಿದಾಗ ತೆರೆಯ ಹಿಂದೆ ಮೌನ ಕವಿಯಿತು. ಅಲ್ಲಿ ಮಾತನಾಡುತ್ತಿದ್ದುದು ಕುಂಭದಲ್ಲಿ ನೆಲೆಗೊಳಿಸಿದ ತಾರಾದೇವಿ. ಅವರು ಆ ಕುಂಭವನ್ನು ಕಾಲಿನಿಂದ ಒದೆದು ಒಡೆದರು.

ಚಂದ್ರಗಿರಿಯ ಶಾಸನವು ಈ ಪ್ರಸಂಗವನ್ನು ಅಕಲಂಕರ ಬಾಯಿಂದಲೇ ಹೇಳಿಸುತ್ತದೆ. ಅಹಂಕಾರಕ್ಕೆ ವಶವಾಗಿ ತಾವು ಹಾಗೆ ಮಾಡಲಿಲ್ಲ, ದ್ವೇಷದಿಂದಲೂ ಅಲ್ಲ. ಆತ್ಮವಿಲ್ಲವೆಂದು ನಂಬಿ ಕೆಡುತ್ತಿರುವ ಜನರ ಮೇಲಿನ ಕರುಣೆಯಿಂದ ಮಾತ್ರ ಎಂಬುದು ಅದರ ಭಾವ. ಗೆಲುವಿನ ವರ್ಣನೆಯ ನಡುವೆ ಕರುಣೆಯ ಮಾತನ್ನು ಮೊದಲು ನಿಲ್ಲಿಸಿದ ಆ ಕವಿ ವಾದಿಯ ನಿಜವಾದ ಲಕ್ಷಣವನ್ನು ಬಲ್ಲವನು. ಈ ಕರುಣೆಗೆ 19ನೆಯ ಶತಮಾನದ ದೇವಚಂದ್ರ ಕವಿಯ ರಾಜಾವಳೀಕಥೆ ಇನ್ನೊಂದು ನಿದರ್ಶನವನ್ನು ಕೊಡುತ್ತದೆ. ಸೋತವರನ್ನು ಗಾಣಕ್ಕೆ ಹಾಕಬೇಕೆಂಬ ಪಣವಿದ್ದಾಗ ಅಕಲಂಕದೇವರೇ ಅಡ್ಡಬಂದು ಅವರ ಪ್ರಾಣವನ್ನು ಉಳಿಸಿದರಂತೆ. ಸೋತವರು ಸಿಂಹಳಕ್ಕೆ ಹೋದರಂತೆ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಇವೆಲ್ಲ ಗೆದ್ದವರ ಪಕ್ಷದ ಕಥೆಗಳು. ಅವು ಕೂಡ ಸಂಘಶ್ರೀಯ ಮನಸ್ಸು ತಿರುಗಿತೆಂದು ಹೇಳುವುದಿಲ್ಲ. ಅರಸನೂ ಪ್ರಜೆಗಳೂ ಜಿನಧರ್ಮಕ್ಕೆ ಒಲಿದರೆಂದು ಹೇಳುತ್ತವೆ. ಎದುರಾಳಿಗಳು ದೇಶವನ್ನಾದರೂ ಬಿಟ್ಟರು, ಮತವನ್ನು ಬಿಡಲಿಲ್ಲ. ಮಾನವನ್ನು ಪಣವಾಗಿಟ್ಟು ಸಭೆಯಲ್ಲಿ ನಿಂತವನಿಗೆ ಸೋಲು ಮಾತ್ರ ಕಾಣುತ್ತದೆ, ಸತ್ಯ ಕಾಣುವುದಿಲ್ಲ. ಪಣವಿಲ್ಲದೆ ಪಕ್ಕದಲ್ಲಿ ಕುಳಿತು ಕೇಳಿದವನು ಅದನ್ನು ಮನೆಗೆ ಕೊಂಡೊಯ್ಯಬಲ್ಲನು.

ಅಕಲಂಕದೇವರ ನಿಜವಾದ ಸಾಧನೆ ಅವರ ಗ್ರಂಥಗಳಲ್ಲಿದೆ. ಸಮಂತಭದ್ರರ ಆಪ್ತಮೀಮಾಂಸೆಗೆ ಅಷ್ಟಶತಿ, ತತ್ತ್ವಾರ್ಥಸೂತ್ರಕ್ಕೆ ರಾಜವಾರ್ತಿಕ, ಸ್ವತಂತ್ರವಾಗಿ ಲಘೀಯಸ್ತ್ರಯ, ನ್ಯಾಯವಿನಿಶ್ಚಯ, ಸಿದ್ಧಿವಿನಿಶ್ಚಯ, ಪ್ರಮಾಣಸಂಗ್ರಹಗಳನ್ನು ಅವರು ರಚಿಸಿದರು. ಬೌದ್ಧ ತಾರ್ಕಿಕ ಧರ್ಮಕೀರ್ತಿ ಅನೇಕಾಂತವನ್ನು ಹಾಸ್ಯ ಮಾಡಿದ್ದನು: ಎಲ್ಲ ವಸ್ತುವೂ ಎಲ್ಲ ಸ್ವರೂಪದ್ದಾದರೆ, ಮೊಸರು ತಿನ್ನೆಂದಾಗ ಮನುಷ್ಯನು ಒಂಟೆಯ ಕಡೆಗೆ ಏಕೆ ಓಡುವುದಿಲ್ಲ ಎಂದು. ಅಕಲಂಕದೇವರು ಉತ್ತರವನ್ನು ಬೌದ್ಧರ ಕಥೆಯಿಂದಲೇ ಎತ್ತಿಕೊಂಡರು. ಬುದ್ಧನು ಹಿಂದೊಂದು ಜನ್ಮದಲ್ಲಿ ಜಿಂಕೆಯಾಗಿದ್ದನು. ಆದರೂ ಲೋಕವು ಬುದ್ಧನನ್ನು ವಂದಿಸುತ್ತದೆ, ಜಿಂಕೆಯನ್ನು ತಿನ್ನುತ್ತದೆ. ಒಂದೇ ಸಂತಾನವಾದರೂ ಅವಸ್ಥೆ ಬೇರೆಯಾದಾಗ ವ್ಯವಹಾರ ಬೇರೆಯಾಗುವುದನ್ನು ಬೌದ್ಧರೂ ಒಪ್ಪಲೇಬೇಕು. ಪೂರ್ವಪಕ್ಷವನ್ನು ತಿಳಿಯದೆ ದೂಷಿಸುವವನು ವಿದೂಷಕನಾಗುತ್ತಾನೆಂದೂ ಅವರು ಎಚ್ಚರಿಸಿದರು. ಮಾತು ಕಟುವಾದುದೇ, ಆದರೆ ವಿಹಾರದಲ್ಲಿ ಕುಳಿತು ಆ ಪೂರ್ವಪಕ್ಷವನ್ನು ಕಲಿತು ಬಂದವರಿಗೆ ಅದನ್ನು ಆಡುವ ಅಧಿಕಾರವಿತ್ತು. ಧರ್ಮಕೀರ್ತಿ ಅವರಿಗಿಂತ ಹಿಂದಿನವನು. ಈ ಉತ್ತರವನ್ನು ಓದಲು ಅವನಿರಲಿಲ್ಲ. ಓದಿದವರು ವಿದ್ಯಾನಂದರು, ಅನಂತವೀರ್ಯರು, ಪ್ರಭಾಚಂದ್ರರು, ವಾದಿರಾಜರು. ವ್ಯಾಖ್ಯಾನಗಳ ಮೇಲೆ ವ್ಯಾಖ್ಯಾನಗಳು ಬೆಳೆದವು.

ಎದುರಾಳಿಯ ಮಾತಿನಲ್ಲಿರುವ ಸತ್ಯಾಂಶವನ್ನು ಒಪ್ಪಿಕೊಳ್ಳುವುದೇ ಅನೇಕಾಂತದ ಬಲ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಾದವನು ಅಳುತ್ತಾನೆ, ಕಿರೀಟ ಬೇಕಾದವನು ನಗುತ್ತಾನೆ, ಚಿನ್ನ ಬೇಕಾದವನು ಸಮಚಿತ್ತನಾಗಿರುತ್ತಾನೆ. ಇದು ಆಪ್ತಮೀಮಾಂಸೆಯ ಪ್ರಸಿದ್ಧ ದೃಷ್ಟಾಂತ. ಎಲ್ಲವೂ ಕ್ಷಣಿಕವೆನ್ನುವ ಬೌದ್ಧನು ಪರ್ಯಾಯವನ್ನು ಸರಿಯಾಗಿಯೇ ಕಂಡನು. ದ್ರವ್ಯವನ್ನು ಕಾಣಲಿಲ್ಲ ಎಂಬುದು ಜೈನರ ಆಕ್ಷೇಪ. ಜಗತ್ಕರ್ತನಾದ ಈಶ್ವರನನ್ನು ಒಪ್ಪದ ಜೈನರನ್ನೇ ನಾಸ್ತಿಕರೆಂದು ಕರೆದವರೂ ಇದ್ದರು. ಇನ್ನೊಬ್ಬರನ್ನು ನಾಸ್ತಿಕರೆಂದು ತಳ್ಳಿಹಾಕುವ ಮೊದಲು ನಾವು ಇದನ್ನು ನೆನೆಯಬೇಕು.

ವಾದವಿಲ್ಲದೆ ಮನಸ್ಸು ತಿರುಗಿದ ಕಥೆಯೂ ನಮ್ಮಲ್ಲಿದೆ. ಚಂದ್ರಗಿರಿಯ ಅದೇ ಶಾಸನ ಸ್ಮರಿಸುವ ಪಾತ್ರಕೇಸರಿಗಳು ಮೊದಲು ವೈದಿಕ ವಿದ್ವಾಂಸರಾಗಿದ್ದರೆಂದು ಕಥಾಕೋಶ ಹೇಳುತ್ತದೆ. ಪಾರ್ಶ್ವನಾಥ ಜಿನಾಲಯದಲ್ಲಿ ಮುನಿಯೊಬ್ಬರು ಆಪ್ತಮೀಮಾಂಸೆಯನ್ನು ಪಠಿಸುತ್ತಿದ್ದುದನ್ನು ಅವರು ಕೇಳಿದರು. ಯಾರೂ ಅವರನ್ನು ವಾದಕ್ಕೆ ಕರೆಯಲಿಲ್ಲ. ಮನೆಗೆ ಹೋಗಿ ಇರುಳೆಲ್ಲ ಚಿಂತಿಸಿದರು. ಅನುಮಾನದ ಲಕ್ಷಣದ ವಿಷಯದಲ್ಲಿ ಒಂದು ಸಂದೇಹ ಮಾತ್ರ ಉಳಿಯಿತು. ಪದ್ಮಾವತೀದೇವಿಯ ಕೃಪೆಯಿಂದ ಮರುದಿನ ಅದೂ ನೀಗಿತು.

ತತ್ತ್ವಾರ್ಥಸೂತ್ರದ ಪ್ರಕಾರ ಸಮ್ಯಗ್ದರ್ಶನವು ನಿಸರ್ಗದಿಂದ ಹುಟ್ಟುತ್ತದೆ, ಇಲ್ಲವೆ ಅಧಿಗಮದಿಂದ, ಎಂದರೆ ಪರರ ಉಪದೇಶದಿಂದ. ಎರಡರಲ್ಲಿಯೂ ಒಳಗಿನ ಕಾರಣ ದರ್ಶನಮೋಹನೀಯ ಕರ್ಮದ ಉಪಶಮ, ಕ್ಷಯ ಅಥವಾ ಕ್ಷಯೋಪಶಮವೇ ಹೊರತು ಬೇರೆಯಲ್ಲ. ಉಪದೇಶವಾಗಲಿ ವಾದವಾಗಲಿ ಹೊರಗಿನ ನಿಮಿತ್ತ ಮಾತ್ರ. ನಾವು ಬೀಜ ಬಿತ್ತಬಹುದು. ಮೊಳೆಯುವುದು ನೆಲದ ಹದವನ್ನು ಅವಲಂಬಿಸಿದೆ. ಹದವಿಲ್ಲದ ನೆಲವನ್ನು ಬೈದು ಫಲವಿಲ್ಲ.

ಮನಸ್ಸು ಬದಲಾಗದಿದ್ದರೂ ಕೂಡಿ ಬಾಳಬಹುದೆಂಬುದಕ್ಕೂ ಶ್ರವಣಬೆಳಗೊಳವೇ ಸಾಕ್ಷಿ. ಭಂಡಾರಿ ಬಸದಿಯ 1368ರ ಶಾಸನದಂತೆ, ಜೈನರಿಗೂ ಶ್ರೀವೈಷ್ಣವರಿಗೂ ವಿವಾದವೆದ್ದಾಗ ವಿಜಯನಗರದ ಬುಕ್ಕರಾಯನು ಯಾವ ಮತ ಸತ್ಯವೆಂದು ತೀರ್ಪು ಕೊಡಲಿಲ್ಲ. ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಬೆಳಗೊಳದ ದೇವರ ಕಾವಲಿನ ಹೊಣೆಯನ್ನು ವೈಷ್ಣವರಿಗೇ ಒಪ್ಪಿಸಿದನು.

ಆದ್ದರಿಂದ ಮನೆಯಲ್ಲಿ ಪ್ರಶ್ನೆ ಕೇಳುವ ಮಗನನ್ನಾಗಲಿ ಮಗಳನ್ನಾಗಲಿ ಸೋಲಿಸಲು ಹೊರಡುವುದು ಬೇಡ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು, ವಾತ್ಸಲ್ಯವೂ ಒಂದು. ತೂಗಾಡುವವನನ್ನು ಕೈಹಿಡಿದು ನಿಲ್ಲಿಸುವುದು ಸ್ಥಿತಿಕರಣ. ಅದು ವಾತ್ಸಲ್ಯವಿಲ್ಲದೆ ನಡೆಯದು. ಮೊದಲು ಅವರ ಪೂರ್ವಪಕ್ಷವನ್ನು ಅವರೇ ಮೆಚ್ಚುವಷ್ಟು ಚೆನ್ನಾಗಿ ತಿಳಿಯೋಣ. ಅದರಲ್ಲಿ ನಿಜವಿದ್ದಷ್ಟನ್ನು ಒಪ್ಪೋಣ. ಉಳಿದುದನ್ನು ಮೆಲುದನಿಯಲ್ಲಿ ಹೇಳಿ, ಚಿಂತಿಸಲು ಅವರಿಗೊಂದು ಇರುಳನ್ನು ಬಿಟ್ಟುಕೊಡೋಣ. ಹಾಗೆ ಮಾಡಿದಾಗ ಅವರ ಮನಸ್ಸು ತಿರುಗದಿದ್ದರೂ ನಮ್ಮ ಕಷಾಯವಾದರೂ ಕಡಿಮೆಯಾಗುತ್ತದೆ. ಶ್ರಾವಕನಿಗೆ ಅದು ಸಣ್ಣ ಲಾಭವಲ್ಲ.