ಪಂಪಾಕ್ಷೇತ್ರದ ಮಹಾಕವಿ ರಾಘವಾಂಕ

ಹೊಸಪೇಟೆಯಿಂದ ಹಂಪೆಗೆ ಹೋಗುವ ಯಾತ್ರಿಕನಿಗೆ ದಾರಿಯುದ್ದಕ್ಕೂ ಕಲ್ಲುಬಂಡೆಗಳ ಜೊತೆಗೆ ಪುರಾಣಗಳೂ ಎದುರಾಗುತ್ತವೆ. ಹೇಮಕೂಟವು ಪಂಪಾದೇವಿಯು ಪರಶಿವನಿಗಾಗಿ ತಪಗೈದ ನೆಲವೆಂದು ಪ್ರಸಿದ್ಧ. ಹೊಳೆಯ ಆಚೆಯ ದಡವು ವಾಲಿಸುಗ್ರೀವರ ಕಿಷ್ಕಿಂಧೆ. ದಕ್ಷಿಣಕ್ಕೆ ತಿರುಗಿದರೆ ಸಂಡೂರಿನ ಬೆಟ್ಟದ ಮೇಲೆ, ಶಿವಪಾರ್ವತಿಯರ ಕುವರನಾದ ಕುಮಾರಸ್ವಾಮಿ ನೆಲಸಿದ್ದಾನೆ. ಕಂಪ್ಲಿಯ ಕುಮಾರರಾಮನಂತಹ ಚಾರಿತ್ರಿಕ ವೀರನು ಸಹ ಕಾಲಾನಂತರದಲ್ಲಿ ಜನರ ಬಾಯಲ್ಲಿ ಪುರಾಣಪುರುಷನೇ ಆಗಿಹೋದನು. ಇಂತಹ ನಾಡಿನಲ್ಲಿ ಜನಿಸಿದ ಕವಿಗೆ ಕಥೆಯ ಬರವಿರಲಾರದು. ಆದರೆ ಕೈಗೆ ಸಿಕ್ಕಿದ ಪುರಾಣಕಥೆಯನ್ನು ಕವಿಯು ಏನು ಮಾಡಬೇಕು, ಯಾರನ್ನು ಕುರಿತು ಹಾಡಬೇಕು ಎಂಬ ಪ್ರಶ್ನೆ ಮಾತ್ರ ಸುಲಭವಾದುದಲ್ಲ. ಈ ಪ್ರಶ್ನೆಯನ್ನು ತನ್ನ ಬಾಳಿನಲ್ಲಿಯೇ ಎದುರಿಸಿದವನು ಹಂಪೆಯ ರಾಘವಾಂಕ.

ವಿಜಯನಗರದ ಸ್ಥಾಪನೆಗೆ, ಎಂದರೆ 1336ಕ್ಕೆ, ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಮಾತಿದು. ಅಂದು ಹಂಪೆಯು ರಾಜಧಾನಿಯಲ್ಲ. ವಿರೂಪಾಕ್ಷನ ಸನ್ನಿಧಿಯಿಂದ ಪಾವನವಾದ ತೀರ್ಥಕ್ಷೇತ್ರ. 12ನೆಯ ಶತಮಾನದ ಕೊನೆ ಹಾಗೂ 13ನೆಯ ಶತಮಾನದ ಆರಂಭ ರಾಘವಾಂಕನ ಕಾಲವೆಂಬುದು ವಿದ್ವಾಂಸರಲ್ಲಿ ಬಹುಮಂದಿಯ ಅಭಿಪ್ರಾಯ. ಕಲ್ಯಾಣದಲ್ಲಿ ಬಸವಣ್ಣನವರು ಹೊತ್ತಿಸಿದ ಜ್ಯೋತಿಯ ಬೆಳಕು ಆಗಿನ್ನೂ ಜನಮನದಲ್ಲಿ ಹಸಿಯಾಗಿಯೇ ಇತ್ತು. ರಾಘವಾಂಕನ ತಂದೆ ಮಹಾದೇವಭಟ್ಟ, ತಾಯಿ ರುದ್ರಾಣಿ. ರುದ್ರಾಣಿಯ ಸಹೋದರನೇ ಶಿವಕವಿಗಳಲ್ಲಿ ಅಗ್ರಗಣ್ಯನಾದ ಹರಿಹರ. ಹೀಗಾಗಿ ಹರಿಹರನು ರಾಘವಾಂಕನಿಗೆ ಸೋದರಮಾವನೂ ಹೌದು, ವಿದ್ಯಾಗುರುವೂ ಹೌದು.

ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿದ್ದ ಹರಿಹರನು ಆ ಉದ್ಯೋಗವನ್ನು ತೊರೆದು, ವಿರೂಪಾಕ್ಷನ ಸೇವೆಯೇ ಪರಮಗತಿಯೆಂದು ಹಂಪೆಗೆ ಬಂದನೆಂದು ಸಂಪ್ರದಾಯವು ಹೇಳುತ್ತದೆ. ಅವನು 'ಗಿರಿಜಾಕಲ್ಯಾಣ'ದಲ್ಲಿ ಶಿವಪಾರ್ವತಿಯರ ವಿವಾಹದ ಪುರಾಣವನ್ನು ಚಂಪೂರೂಪದಲ್ಲಿ ಹಾಡಿದನು. ಬಳಿಕ ಪುರಾತನರ ಮತ್ತು ಶರಣರ ಚರಿತೆಗಳನ್ನು ರಗಳೆಗಳಲ್ಲಿ ಹರಿಯಿಸಿದನು. ನರರನ್ನು ಸ್ತುತಿಸಲಾರೆ, ಹರನನ್ನೂ ಹರನ ಶರಣರನ್ನೂ ಮಾತ್ರ ಹಾಡುವೆನೆಂಬುದು ಅವನ ವ್ರತ. ಅರಸರ ಕೃಪೆಯನ್ನು ಬಯಸಿ ಅವರನ್ನು ಪುರಾಣವೀರರಿಗೆ ಹೋಲಿಸಿ ಹಾಡುವ ಪದ್ಧತಿ ಬೇರೂರಿದ್ದ ಕಾಲದಲ್ಲಿ ಈ ವ್ರತವು ಸಾಮಾನ್ಯವಾದುದಾಗಿರಲಿಲ್ಲ.

ಇಂತಹ ಗುರುವಿನ ಶಿಷ್ಯನಾದ ರಾಘವಾಂಕನು ತನ್ನ ಮಹಾಕಾವ್ಯಕ್ಕೆ ಆರಿಸಿಕೊಂಡುದು ಸೂರ್ಯವಂಶದ ಅರಸನಾದ ಹರಿಶ್ಚಂದ್ರನ ಕಥೆಯನ್ನು. ಆ ಕಾವ್ಯವನ್ನು ರಾಜಸಭೆಯಲ್ಲಿ ಓದಿ ಮೆಚ್ಚುಗೆ ಗಳಿಸಿ ಹಿಂದಿರುಗಿದ ಶಿಷ್ಯನನ್ನು ಕಂಡು ಹರಿಹರನು ಕನಲಿದನಂತೆ. ಮರ್ತ್ಯನಾದ ಅರಸನನ್ನು ಹಾಡಿ ನಾಲಗೆಯನ್ನು ಕೆಡಿಸಿಕೊಂಡೆಯೆಂದು ಪಾದರಕ್ಷೆಯಿಂದ ಹೊಡೆಯಲು ಶಿಷ್ಯನ ಐದು ಹಲ್ಲುಗಳು ಉದುರಿದವೆಂದೂ, ಮುಂದೆ ಒಂದೊಂದಾಗಿ ಐದು ಶಿವಪರ ಕೃತಿಗಳನ್ನು ರಚಿಸಿದಾಗ ಆ ಹಲ್ಲುಗಳು ಒಂದೊಂದಾಗಿ ಮರಳಿ ಬಂದವೆಂದೂ ವೀರಶೈವ ಪುರಾಣಗಳು ಹೇಳುತ್ತವೆ. ಇದನ್ನು ಅಕ್ಷರಶಃ ನಂಬಬೇಕಾದುದಿಲ್ಲ. ಕವಿಯ ಕಾಲಕ್ಕೆ ಬಹಳ ತರುವಾಯದವರು ಬರೆದಿಟ್ಟ ಕಥೆಯಿದು. ಪುರಾಣವನ್ನು ಕಾವ್ಯವಾಗಿಸಿದ ಕವಿಯನ್ನೇ ಜನತೆ ಪುರಾಣವಾಗಿಸಿದ ಬಗೆ. ಆದರೆ ಇದರ ಒಡಲಲ್ಲಿರುವ ತತ್ತ್ವವಿವಾದ ನಿಜವಾದುದು. ಗುರುವಿನ ದೃಷ್ಟಿಯಲ್ಲಿ ಕಾವ್ಯವೆಂದರೆ ಭಕ್ತಿಯ ನೈವೇದ್ಯ. ಅದನ್ನು ಅನ್ಯರಿಗೆ ಅರ್ಪಿಸಲಾಗದು. ಶಿಷ್ಯನ ದೃಷ್ಟಿಯಲ್ಲಿ ಸತ್ಯವೂ ಶಿವನೂ ಬೇರೆಯಲ್ಲ. ಆದುದರಿಂದ ಸತ್ಯಕ್ಕಾಗಿ ಸರ್ವಸ್ವವನ್ನೂ ತೆತ್ತವನ ಕಥೆಯೂ ಶಿವಕಥೆಯೇ. ಈ ಸಮೀಕರಣವನ್ನು ರಾಘವಾಂಕನು ತನ್ನ ಕಾವ್ಯದಲ್ಲಿಯೇ ಸ್ಪಷ್ಟವಾಗಿ ಸಾರಿದ್ದಾನೆ; ಕಾವ್ಯವನ್ನು ವಿರೂಪಾಕ್ಷನಿಗೇ ಅರ್ಪಿಸಿದ್ದಾನೆ.

ಅವನು ಆ ಹಳೆಯ ಕಥೆಯನ್ನು ಎಷ್ಟರಮಟ್ಟಿಗೆ ಹೊಸತಾಗಿಸಿದನೆಂಬುದನ್ನು ಅರಿಯಲು ಕಥೆಯ ಪೂರ್ವರೂಪವನ್ನು ನೋಡಬೇಕು. ಐತರೇಯ ಬ್ರಾಹ್ಮಣದಲ್ಲಿ ಬರುವ ಹರಿಶ್ಚಂದ್ರನು ಸತ್ಯಸಂಧನೇನಲ್ಲ. ಮಗನು ಹುಟ್ಟಿದರೆ ಅವನನ್ನೇ ಬಲಿಕೊಡುವೆನೆಂದು ವರುಣನಿಗೆ ಹರಕೆ ಹೊತ್ತು, ಹುಟ್ಟಿದ ಬಳಿಕ ನಾನಾ ನೆವಗಳಿಂದ ಅದನ್ನು ಮುಂದೂಡುತ್ತಾ ಹೋದ ಅರಸನವನು. ಕೊನೆಗೆ ಶುನಶ್ಶೇಪನೆಂಬ ಬಡ ಬಾಲಕನನ್ನು ಕೊಂಡು ತಂದು ಬಲಿಗೆ ನಿಲ್ಲಿಸಲಾಗುತ್ತದೆ. ಮಾರ್ಕಂಡೇಯ ಪುರಾಣದ ವೇಳೆಗೆ ಅದೇ ಹೆಸರಿನ ಅರಸನು ವಿಶ್ವಾಮಿತ್ರನಿಗೆ ರಾಜ್ಯವನ್ನಿತ್ತು, ಮಡದಿಮಕ್ಕಳನ್ನು ಮಾರಿ, ತಾನೂ ಮಾರಾಟವಾದ ಸತ್ಯವ್ರತಿಯಾಗಿದ್ದಾನೆ. ಪುರಾಣವು ಕಲ್ಲಿನ ಶಾಸನವಲ್ಲ, ಪ್ರತಿಯುಗವೂ ತನ್ನ ಧರ್ಮಪ್ರಶ್ನೆಯನ್ನು ಅದರಲ್ಲಿ ಕೇಳಿಕೊಳ್ಳುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ರಾಘವಾಂಕನು ತನ್ನ ಯುಗದ ಪ್ರಶ್ನೆಯನ್ನು ಕೇಳಿದನು. ಇಂದ್ರಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರು ಹರಿಶ್ಚಂದ್ರನ ಸತ್ಯದ ವಿಷಯವಾಗಿ ವಾದಿಸಿ ಪಣ ತೊಡುವಲ್ಲಿಂದ ಕಥೆಯ ತೊಡಕು ಆರಂಭವಾಗುತ್ತದೆ. ಅಯೋಧ್ಯೆಯ ಅರಸನನ್ನು ಕವಿಯು ಬೇಟೆಯ ನೆವದಿಂದ ತನ್ನ ಊರಾದ ಪಂಪಾಕ್ಷೇತ್ರಕ್ಕೆ ಕರೆತಂದು ವಿರೂಪಾಕ್ಷನ ದರ್ಶನ ಮಾಡಿಸುತ್ತಾನೆ. ತಾನು ಕಂಡ ನೆಲದಲ್ಲಿ ನಿಲ್ಲಿಸದ ಹೊರತು ಪುರಾಣಪುರುಷನಿಗೆ ಪ್ರಾಣ ಬಾರದೆಂಬುದನ್ನು ಅವನು ಬಲ್ಲವನು.

ಅಲ್ಲಿಂದ ಮುಂದೆ ಬರುವ ಗಾಯಕಿಯರ ಪ್ರಸಂಗವು ಕನ್ನಡ ಸಾಹಿತ್ಯದಲ್ಲಿಯೇ ಅಪೂರ್ವವಾದುದು. ಅರಸನನ್ನು ಸಿಕ್ಕಿಸಲೆಂದು ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿದ ಇಬ್ಬರು ಅಂತ್ಯಜ ಕನ್ನೆಯರು ಹಾಡಿ ಹರಿಶ್ಚಂದ್ರನನ್ನು ಮೆಚ್ಚಿಸುತ್ತಾರೆ. ಅವರು ಬೇಡುವುದು ಒಡವೆಯನ್ನಲ್ಲ. ಮೊದಲು ಅರಸನ ಬೆಳ್ಗೊಡೆಯನ್ನು, ಬಳಿಕ ಅವನ ಕೈಹಿಡಿಯುವ ಭಾಗ್ಯವನ್ನು. ಕುಲವನ್ನು ಮುಂದೊಡ್ಡಿ ಅರಸನು ನಿರಾಕರಿಸಿದಾಗ ಆ ಕನ್ನೆಯರು ಹೂಡುವ ವಾದವು ಯಾವ ಕಾಲದ ಓದುಗನನ್ನೂ ಎಚ್ಚರಿಸತಕ್ಕದ್ದು. ನಮ್ಮ ಗಾನವನ್ನು ಕೇಳಿದ ಕಿವಿಗೆ, ರೂಪವನ್ನು ನೋಡಿದ ಕಣ್ಣಿಗೆ ಅಂಟದ ಮೈಲಿಗೆಯು ಸ್ಪರ್ಶಕ್ಕೆ ಮಾತ್ರ ಏಕೆ ಅಂಟಬೇಕು, ಇಂದ್ರಿಯಗಳಲ್ಲಿ ಒಂದು ಮೇಲೆ ಉಳಿದವು ಕೀಳೆಂಬುದುಂಟೇ ಎಂಬುದು ಅವರ ಪ್ರಶ್ನೆಯ ತಾತ್ಪರ್ಯ. ಅರಸನ ಬಳಿ ಇದಕ್ಕೆ ಉತ್ತರವಿಲ್ಲ. ಅವನು ಅವರನ್ನು ಹೊಡೆಸಿ ಅಟ್ಟುತ್ತಾನೆ. ಆ ನೆವದಿಂದಲೇ ವಿಶ್ವಾಮಿತ್ರನ ಕೋಪಕ್ಕೆ ಗುರಿಯಾಗಿ, ಕನ್ನೆಯರನ್ನು ವರಿಸುವುದಕ್ಕಿಂತ ರಾಜ್ಯವನ್ನು ಬಿಡುವುದೇ ಲೇಸೆಂದು ರಾಜ್ಯವನ್ನು ಒಪ್ಪಿಸಿ ಹೊರಡುತ್ತಾನೆ.

ಇಲ್ಲಿ ಕವಿಯು ಅರಸನನ್ನು ಬಾಯಿಬಿಟ್ಟು ನಿಂದಿಸಿಲ್ಲ. ಆದರೆ ಕಥೆಯನ್ನು ನಡೆಸಿರುವ ಕ್ರಮವನ್ನು ಗಮನಿಸಬೇಕು. ಸಾಲದ ಹಣಕ್ಕಾಗಿ ಹೆಜ್ಜೆಹೆಜ್ಜೆಗೂ ಪೀಡಿಸುವ ನಕ್ಷತ್ರಕನನ್ನು ಬೆನ್ನಿಗೆ ಕಟ್ಟಿಕೊಂಡು ಕಾಶಿಯನ್ನು ಸೇರಿದ ಹರಿಶ್ಚಂದ್ರನು ಚಂದ್ರಮತಿಯನ್ನೂ ಲೋಹಿತಾಶ್ವನನ್ನೂ ಮಾರಿದ ಮೇಲೆ, ತಾನು ಮಾರಾಟವಾಗುವುದು ಸುಡುಗಾಡಿನ ಒಡೆಯನಾದ ವೀರಬಾಹುಕನಿಗೆ. ಅಂತ್ಯಜ ಕನ್ನೆಯರ ಕೈಹಿಡಿಯಲೊಲ್ಲದೆ ಸಿಂಹಾಸನವನ್ನು ಬಿಟ್ಟವನು ಅಂತ್ಯಜನ ಆಳಾಗಿ ಮಸಣವನ್ನು ಕಾಯುತ್ತಾನೆ. ಆ ಕಾಯಕವನ್ನು ಲೋಪವಿಲ್ಲದೆ ನಡೆಸಿದಾಗಲೇ ಅವನ ಸತ್ಯವು ಪರಿಪೂರ್ಣವಾಗುತ್ತದೆ. ಹಾವು ಕಚ್ಚಿ ಸತ್ತ ಮಗನ ಹೆಣವನ್ನು ಹೊತ್ತು ಬಂದ ಮಡದಿಯಿಂದಲೂ ಸುಡುವ ಸುಂಕವನ್ನು ಕೇಳಿ, ಕೊನೆಗೆ ಒಡೆಯನ ಆಜ್ಞೆಯಂತೆ ಅವಳ ಮೇಲೆಯೇ ಖಡ್ಗವನ್ನೆತ್ತಿದ ಗಳಿಗೆಯಲ್ಲಿ ಶಿವನು ಪ್ರತ್ಯಕ್ಷನಾಗುತ್ತಾನೆ. ಅರಮನೆಯಲ್ಲಿ ದೊರೆಯದ ದರ್ಶನವು ಮಸಣದಲ್ಲಿ ದೊರೆಯಿತು. ಕುಲಕ್ಕಿಂತ ನಡೆಯೇ ಹಿರಿದೆಂಬ ಶರಣರ ತತ್ತ್ವಕ್ಕೆ ಇದಕ್ಕಿಂತ ಸಮರ್ಥವಾದ ಕಥಾರೂಪವನ್ನು ಕಲ್ಪಿಸುವುದು ಕಷ್ಟ.

ಕಥೆಯಂತೆ ಛಂದಸ್ಸಿನಲ್ಲಿಯೂ ಅವನು ಹೊಸ ದಾರಿಯನ್ನು ತುಳಿದನು. ಅಂದಿನವರೆಗೆ ಪ್ರೌಢಕಾವ್ಯಕ್ಕೆ ಚಂಪುವೇ ರಾಜಮಾರ್ಗ. ದೇಸಿಯಾದ ಷಟ್ಪದಿಯಲ್ಲಿ ಇಡಿಯ ಕಾವ್ಯವನ್ನು ರಚಿಸಿ ಅದನ್ನು ಕನ್ನಡದಲ್ಲಿ ನೆಲೆಗೊಳಿಸಿದ ಕೀರ್ತಿ ರಾಘವಾಂಕನದು. ವಾರ್ಧಕ ಷಟ್ಪದಿಯಲ್ಲಿ ಅವನು ಪಾತ್ರಗಳ ಮಾತುಕತೆಯನ್ನು ನಾಟಕದಂತೆ ನುಡಿಸಿದನು. ಮುಂದೆ ಕುಮಾರವ್ಯಾಸನು ಭಾಮಿನಿಯಲ್ಲಿ ಭಾರತವನ್ನೂ, ಲಕ್ಷ್ಮೀಶನು ವಾರ್ಧಕದಲ್ಲಿ ಜೈಮಿನಿ ಭಾರತವನ್ನೂ ಹಾಡಲು ಈ ಹಾದಿ ನೆರವಾಯಿತು.

ಗುರುವಿನ ಮುನಿಸಿನ ತರುವಾಯ ರಚಿತವಾದುವೆಂದು ಹೇಳಲಾಗುವ ಕೃತಿಗಳಲ್ಲಿ ಪುರಾಣದ ಬಳಕೆಯ ಬೇರೊಂದು ಮುಖವಿದೆ. 'ವೀರೇಶಚರಿತೆ'ಯಲ್ಲಿ ವೀರಭದ್ರನು ದಕ್ಷನ ಯಜ್ಞವನ್ನು ಧ್ವಂಸಮಾಡಿದ ಶುದ್ಧ ಪುರಾಣಕಥೆಯಿದೆ. 'ಸೋಮನಾಥಚರಿತೆ'ಯು ಸೌರಾಷ್ಟ್ರದ ಸೋಮನಾಥನನ್ನು ಪುಲಿಗೆರೆಗೆ, ಎಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ಕರೆತಂದ ಆದಯ್ಯನ ಕಥೆ. 'ಸಿದ್ಧರಾಮಚಾರಿತ್ರ'ದ ನಾಯಕನು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಚಾರಿತ್ರಿಕ ಶರಣ. ಶ್ರೀಶೈಲದ ಮಲ್ಲಯ್ಯನನ್ನು ಅರಸುತ್ತಾ ಅಳುತ್ತಾ ಅಲೆಯುವ ಬಾಲಕ ಸಿದ್ಧರಾಮನ ಚಿತ್ರವನ್ನು ಓದಿ ಕರಗದವರಿಲ್ಲ. ಹರಿಶ್ಚಂದ್ರನಲ್ಲಿ ಪುರಾಣಪುರುಷನನ್ನು ಮನುಷ್ಯನಾಗಿಸಿದ ಕವಿಯು ಸಿದ್ಧರಾಮನಲ್ಲಿ ಮನುಷ್ಯನನ್ನು ಪುರಾಣದ ಎತ್ತರಕ್ಕೆ ಏರಿಸಿದನು. 'ಶರಭಚಾರಿತ್ರ' ಮತ್ತು 'ಹರಿಹರಮಹತ್ವ'ಗಳು ನಮಗೆ ದೊರೆತಿಲ್ಲ. ಮುನಿದ ಗುರುವಿನ ಹೆಸರಿನಲ್ಲಿಯೇ ಒಂದು ಕೃತಿಯನ್ನು ರಚಿಸಿದನೆಂಬುದೇ ಶಿಷ್ಯನ ವಿನಯಕ್ಕೆ ಸಾಕ್ಷಿ. ಆದರೂ ಹರಿಶ್ಚಂದ್ರಕಾವ್ಯವನ್ನು ಅವನು ಕೈಬಿಡಲಿಲ್ಲ. ಅದು ಉಳಿದು ಬಂದಿದೆ.

ಓರುಗಲ್ಲಿನ ಆಸ್ಥಾನಕ್ಕೆ ಹೋಗಿ ಅಲ್ಲಿಯ ವಿದ್ವಾಂಸರನ್ನು ರಾಘವಾಂಕನು ಗೆದ್ದನೆಂದೂ, ಕಡೆಗಾಲವನ್ನು ಹಾಸನ ಸೀಮೆಯ ಬೇಲೂರಿನಲ್ಲಿ ಕಳೆದು ಅಲ್ಲಿಯೇ ಲಿಂಗೈಕ್ಯನಾದನೆಂದೂ ಸಂಪ್ರದಾಯವಿದೆ. ಅವನು ಹಾಡಿದ ಕಥೆಯ ಆಯುಷ್ಯವಾದರೋ ಮುಗಿಯದಂತಹುದು. ಸಾಲಗಾರನನ್ನು ಕಾಡುವವನು ನಮ್ಮವರ ಆಡುಮಾತಿನಲ್ಲಿ ಇಂದಿಗೂ ನಕ್ಷತ್ರಿಕನೇ. ಬಾಲ್ಯದಲ್ಲಿ ಹರಿಶ್ಚಂದ್ರ ನಾಟಕವನ್ನು ನೋಡಿ ಕಣ್ಣೀರಿಟ್ಟುದನ್ನು ಮಹಾತ್ಮ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ. 1913ರಲ್ಲಿ ದಾದಾಸಾಹೇಬ್ ಫಾಲ್ಕೆಯವರು ತಮ್ಮ ಮೊದಲ ಕಥಾಚಿತ್ರಕ್ಕೆ ಆರಿಸಿಕೊಂಡುದೂ ಈ ಅರಸನನ್ನೇ. 1965ರ 'ಸತ್ಯ ಹರಿಶ್ಚಂದ್ರ' ಚಲನಚಿತ್ರದಲ್ಲಿ ಡಾ. ರಾಜ್‌ಕುಮಾರ್ ಅವರು ಆ ಪಾತ್ರವನ್ನು ಕನ್ನಡಿಗರ ಮನೆಮನೆಗೆ ಮುಟ್ಟಿಸಿದರು. 2017ರಲ್ಲಿ ರಾಘವಾಂಕನ ಕಾವ್ಯವು ವನಮಾಲಾ ವಿಶ್ವನಾಥ ಅವರ ಅನುವಾದದಿಂದ ಇಂಗ್ಲಿಷ್ ಓದುಗರನ್ನೂ ತಲುಪಿತು.

ವಿದ್ಯಾಗುರುಗಳಿಗೂ ವಿದ್ಯಾರ್ಥಿಗಳಿಗೂ ಈ ಕವಿಜೀವನವು ಒಂದು ಪಾಠವನ್ನು ಹೇಳುತ್ತದೆ. ಹರಿಹರನು ಶಿಷ್ಯನಿಗೆ ಭಕ್ತಿಯನ್ನು ಕಲಿಸಿದನು. ಶಿಷ್ಯನು ಆ ಭಕ್ತಿಯನ್ನೇ ಹಿಡಿದು ಗುರುವು ನಡೆಯದ ದಾರಿಯಲ್ಲಿ ನಡೆದನು. ಗುರುವಿನ ವ್ರತದಲ್ಲಿ ಲೋಪವಿರಲಿಲ್ಲ, ಶಿಷ್ಯನ ಸ್ವಾತಂತ್ರ್ಯದಲ್ಲಿ ದ್ರೋಹವಿರಲಿಲ್ಲ. ಹಳೆಯ ಕಥೆಯನ್ನು ಮಕ್ಕಳಿಗೆ ಹೇಳುವಾಗ ಅದರ ಪವಾಡಗಳನ್ನಷ್ಟೇ ಹೇಳಿ ಮುಗಿಸದೆ, ಹಂಪೆಯ ಹೊರವಲಯದ ಕಾಡಿನಲ್ಲಿ ಆ ಗಾಯಕಿಯರು ಕೇಳಿದ ಪ್ರಶ್ನೆಯನ್ನೂ ಅವರ ಮುಂದಿಡುವುದು ಉಚಿತ. ಅರಸನು ಅದಕ್ಕೆ ಉತ್ತರವನ್ನು ಕೊಡದೆ ಹೋದನು. ಅವನ ಬಾಳು ಆ ಉತ್ತರವನ್ನು ಕಾಶಿಯ ಮಸಣದಲ್ಲಿ ಕೊಟ್ಟಿತು.