ನೀರಿಗೆ ಬಾಗಿಲಿಟ್ಟ ವಿಶ್ವೇಶ್ವರಯ್ಯ

ಸೆಪ್ಟೆಂಬರ್ 15 ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜನ್ಮದಿನ. ದೇಶವು ಅದನ್ನು ಎಂಜಿನಿಯರುಗಳ ದಿನವಾಗಿ ಆಚರಿಸುತ್ತದೆ. ಅವರ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಮೈಸೂರು ಸೀಮೆ ಮತ್ತು ಕನ್ನಂಬಾಡಿ ಕಟ್ಟೆ. ಆಳಂದ, ಅಫಜಲಪುರ, ಜೇವರ್ಗಿಯವರಾದ ನಮಗೂ ಅವರಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವಿದೆ, ಅದು ನೀರಿನ ಸಂಬಂಧ.

1861ರಲ್ಲಿ ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ವಿದ್ಯಾಭ್ಯಾಸ ಸಾಗಿಸಿ, 1881ರಲ್ಲಿ ಬಿ.ಎ. ಪದವಿ ಪಡೆದರು. ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ಪುಣೆಗೆ ನೀರುಣಿಸುವ ಖಡಕವಾಸ್ಲಾ ಜಲಾಶಯದಲ್ಲಿ ಮಳೆಗಾಲದ ಹೆಚ್ಚಿನ ನೀರು ಕೋಡಿ ಹರಿದು ವ್ಯರ್ಥವಾಗುತ್ತಿತ್ತು. ವಿಶ್ವೇಶ್ವರಯ್ಯನವರು ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಆ ಕೋಡಿಗೆ ಅಳವಡಿಸಿದರು. ನೀರು ಗೊತ್ತುಪಡಿಸಿದ ಮಟ್ಟವನ್ನು ಮೀರಿದರೆ ಅವು ತಾವಾಗಿ ತೆರೆಯುವುವು. ಇಳಿದರೆ ತಾವಾಗಿ ಮುಚ್ಚುವುವು. ಅಣೆಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಂತಿತು. ಈ ಜಲಾಶಯವಿರುವ ಮುಠಾ ನದಿಯು ಮುಳೆಯನ್ನು ಕೂಡಿಕೊಂಡು ಭೀಮೆಯನ್ನು ಸೇರುತ್ತದೆ. ಅಫಜಲಪುರ, ಜೇವರ್ಗಿಗಳ ಹೊಲಗಳನ್ನು ಹಾಯ್ದು ಬರುವ ಭೀಮೆ ಅದೇ. ಆಳಂದದ ಅಮರ್ಜೆಯೂ ಕೂಡುವುದು ಅದನ್ನೇ.

ಇನ್ನೊಂದು ನಂಟೂ ಉಂಟು. ನಮ್ಮ ತಾಲ್ಲೂಕುಗಳು ಅಂದು ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯು ರಾಜಧಾನಿ ಹೈದರಾಬಾದಿಗೆ ನುಗ್ಗಿ ಸಹಸ್ರಾರು ಜನರನ್ನು ಬಲಿ ತೆಗೆದುಕೊಂಡಿತು. ಮುಂಬಯಿಯ ಸೇವೆಯಿಂದ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ ಸರ್ಕಾರವು ಬರಮಾಡಿಕೊಂಡಿತು. ಜನರು ವಿಧಿಯನ್ನು ಹಳಿಯುತ್ತಿದ್ದಾಗ ಅವರು ಕಾರಣವನ್ನು ಅರಸಿದರು. ಮಳೆಯ ಲೆಕ್ಕ ತೆಗೆದರು. ನದಿಯ ಮೇಲ್ಭಾಗದಲ್ಲಿ ಅನೇಕ ಕೆರೆಗಳು ಒಡೆದು ಪ್ರವಾಹಕ್ಕೆ ಬಲ ಕೊಟ್ಟುದನ್ನು ಕಂಡುಕೊಂಡರು. ಮೂಸಿಗೂ ಅದರ ಉಪನದಿ ಈಸಿಗೂ ನಗರದ ಮೇಲ್ಗಡೆಯೇ ಜಲಾಶಯಗಳನ್ನು ಕಟ್ಟುವಂತೆ ಸೂಚಿಸಿದರು. ಹಾಗೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಕೊಲ್ಲಲು ಬಂದಿದ್ದ ನೀರು ಕುಡಿಯುವ ನೀರಾಯಿತು.

ಮುಂದಿನ ಕಥೆ ಎಲ್ಲರೂ ಬಲ್ಲದ್ದು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನ, 1955ರಲ್ಲಿ ಭಾರತರತ್ನ. ನೂರು ವರ್ಷಗಳ ತುಂಬು ಬಾಳನ್ನು ಬಾಳಿ 1962ರಲ್ಲಿ ಅವರು ತೀರಿಕೊಂಡರು.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ನಮ್ಮ ದಂಡೆಯ ಹಳ್ಳಿಗಳನ್ನು ಹೊಕ್ಕಾಗ ಮನೆ ಬಿಟ್ಟು ಹೊರಟವರನ್ನು, ಕೊಳೆತ ತೊಗರಿಯ ಹೊಲಗಳನ್ನು ನಾವು ಮರೆಯಲಾರೆವು. ಅಂದು ಮೇಲ್ಗಡೆ ಅಣೆಕಟ್ಟೆಗಳಿರಲಿಲ್ಲವೆ? ಉಜನಿ ಇತ್ತು, ಸೊನ್ನದ ಬ್ಯಾರೇಜೂ ಇತ್ತು. ಕಟ್ಟೆ ಕಟ್ಟಿದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಮೇಲಿನ ಮಳೆಯನ್ನು ಅಳೆದು, ಕೆಳಗಿನ ಹಳ್ಳಿಯನ್ನು ನೆನೆದು, ವೇಳೆಗೆ ಮುಂಚೆ ಸುದ್ದಿ ಮುಟ್ಟಿಸುವವರು ಪ್ರತಿ ವರ್ಷವೂ ಬೇಕು. ನಮ್ಮ ಮನೆಗಳಿಂದಲೂ ಮಕ್ಕಳು ಎಂಜಿನಿಯರಿಂಗ್ ಓದಲು ಹೋಗುತ್ತಿದ್ದಾರೆ. ಅಳೆಯುವಾಗ, ಲೆಕ್ಕ ಹಾಕುವಾಗ ನದಿಯ ಕೆಳದಂಡೆಯಲ್ಲಿ ಮಲಗಿರುವವರನ್ನು ಅವರು ಮರೆಯದಿರಲಿ. ಈ ದಿನದ ಆಚರಣೆಗೆ ಅದಕ್ಕಿಂತ ದೊಡ್ಡ ಅರ್ಥವನ್ನು ನಾವು ಕಾಣೆವು.